ಬಲಗಡೆ ಮೇಲಾದ ಕಿಮೋನೊ

ಹರ್ನ್‌ಡನ್ ಸ್ಟೇಷನ್ನಿನಲ್ಲಿ ನಾವು ಮೂವರು ಸಿಲ್ವರ್ ಲೈನ್ ರೈಲು ಹತ್ತಿದಾಗ ಶನಿವಾರ ಬೆಳಿಗ್ಗೆ ಒಂಬತ್ತು ದಾಟಿತ್ತು. ವಾರಾಂತ್ಯವಾದ್ದರಿಂದ ತಲೆಗೆ ಎರಡೂವರೆ ಡಾಲರ್. ಕಾರಿನಲ್ಲಿ ಹೋಗಿದ್ದರೆ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಹೂವೇ ಉದುರಿಹೋಗುತ್ತಿತ್ತು. ವಾಷಿಂಗ್ಟನ್ನಿನ ಟೈಡಲ್ ಬೇಸಿನ್ ಕೊಳದ ಸುತ್ತ ಚೆರ್ರಿ ಮರಗಳು ಅರಳಿದ್ದ ವಾರ ಅದು. ನನ್ನ ಜೊತೆ ಹದಿನಾರರ ಮಗಳು ಮೇಘಾ, ಮತ್ತು ಪಕ್ಕದ ಟೌನ್‌ಹೌಸಿನ ಹರುಕೊ.

ಹರುಕೊ ಒಸಾಕಾದವರು, ಎಪ್ಪತ್ತು ದಾಟಿದವರು. ಮೇಘಾ ತೊಟ್ಟಿದ್ದ ನೇರಳೆ ಕಿಮೋನೊ ಅವರ ತಂಗಿ ಹುಡುಗಿಯಾಗಿದ್ದಾಗ ತೊಟ್ಟದ್ದು. ತಂಗಿ ಕೋವಿಡ್ ಕಾಲದಲ್ಲಿ ತೀರಿಕೊಂಡಾಗ ವಿಮಾನಗಳಿಲ್ಲದೆ ಇವರಿಗೆ ಹೋಗಲಾಗಲಿಲ್ಲ. ಬಟ್ಟೆ ಮಾತ್ರ ಆಮೇಲೆ ಪಾರ್ಸೆಲ್ಲಿನಲ್ಲಿ ಬಂತು. "ಇದು ಪೆಟ್ಟಿಗೆಯಲ್ಲೇ ಮಲಗಿದೆ. ಬಿಸಿಲಲ್ಲಿ ಓಡಾಡೋದನ್ನ ಒಮ್ಮೆ ನೋಡಬೇಕು. ನಿಮ್ಮ ಮಗಳು ತೊಡ್ತಾಳಾ?" ಎಂದು ಅವರೇ ಬಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಬೆಳಿಗ್ಗೆ ಅವರ ಮನೆಯಲ್ಲೇ ಮೇಘಾಳಿಗೆ ಉಡಿಸಿದರು. ನಾನು ಆಗ ಮನೆಯಲ್ಲಿ ಪುಳಿಯೋಗರೆ ಕಲಸುತ್ತಿದ್ದೆ.

ರೈಲಿನಲ್ಲಿ ಹರುಕೊ ಬಟ್ಟೆಯ ಕಥೆ ಹೇಳಿದರು. ಕಿಮೋನೊ ಎಂದರೆ ಅವರ ಭಾಷೆಯಲ್ಲಿ ಉಡುವ ವಸ್ತು, ಅಷ್ಟೇ. ಅಗಲ ಕಡಿಮೆಯಿರುವ ಒಂದೇ ಬಟ್ಟೆಯ ಥಾನನ್ನು ನೇರ ನೇರ ಕತ್ತರಿಸಿ ಹೊಲಿಯುತ್ತಾರೆ, ಚೂರೂ ಬಿಸಾಡುವುದಿಲ್ಲ. ಹಿಂದೆಲ್ಲ ಒಗೆಯುವಾಗ ಹೊಲಿಗೆ ಬಿಚ್ಚಿ, ಒಣಗಿದ ಮೇಲೆ ಮತ್ತೆ ಹೊಲಿಯುತ್ತಿದ್ದರಂತೆ. ಕಾಲಿನವರೆಗೆ ಜೋಲುವ ಉದ್ದ ತೋಳು ಮದುವೆಯಾಗದ ಹುಡುಗಿಯರಿಗೆ. ಮದುವೆಯಾದರೆ ಗಿಡ್ಡ ತೋಳು. ಕೇಳಲು ಸೊಗಸಾಗಿತ್ತು. ಆದರೆ ನಾನು ಅರ್ಧ ಕೇಳುತ್ತಾ, ಉಳಿದರ್ಧದಲ್ಲಿ ಮಗಳ ಕತ್ತಿನ ಪಟ್ಟಿ ಸಡಿಲವಾಗಿದೆಯಲ್ಲ ಎಂದು ನೋಡುತ್ತಿದ್ದೆ. ನಮ್ಮ ಕನ್ನಡ ಬಳಗದಲ್ಲಿ ಯುಗಾದಿಗೋ ರಾಜ್ಯೋತ್ಸವಕ್ಕೋ ಯಾರಿಗೆ ಸೀರೆ ಉಡಿಸಬೇಕಿದ್ದರೂ ನನ್ನನ್ನೇ ಕರೆಯುತ್ತಾರೆ. ಆ ಜಂಬ ನನ್ನನ್ನು ಸುಮ್ಮನೆ ಕೂರಗೊಡುವುದಿಲ್ಲ.

ಒಂದು ತಾಸಿನ ನಂತರ ಸ್ಮಿತ್ಸೋನಿಯನ್ ಸ್ಟೇಷನ್ನಿನಲ್ಲಿ ಇಳಿದೆವು. ಬಿಸಿಲಿತ್ತು, ಅದರೊಡನೆ ಕೊರೆಯುವ ಗಾಳಿಯೂ ಇತ್ತು. ಹರುಕೊ ಬೆಂಚಿನ ಮೇಲೆ ಕೂತರು. ನಾನು ಮೇಘಾಳನ್ನು ಹತ್ತಿರದ ಮ್ಯೂಸಿಯಮ್ಮಿನ ರೆಸ್ಟ್‌ರೂಮಿಗೆ ಕರೆದೊಯ್ದು ಕತ್ತಿನ ಪಟ್ಟಿ ಬಿಗಿ ಮಾಡತೊಡಗಿದೆ. ಹರುಕೊ ಅವರ ಬೆರಳುಗಳಿಗೆ ಸಂಧಿವಾತ. ಹಾಗಾಗಿ ನಡುಪಟ್ಟಿ ಮೊದಲೇ ಗಂಟು ಹೊಲಿದಿಟ್ಟದ್ದು, ಬಿಚ್ಚುವುದು ಸುಲಭ. ನೋಡಿದರೆ ಎಡಗಡೆಯ ಅಂಚು ಮೇಲಿತ್ತು, ಬಲಗಡೆಯದು ಕೆಳಗೆ.

"ಅಯ್ಯೋ, ಗಂಡಸರ ಶರ್ಟಿನ ಥರ ಹಾಕಿಬಿಟ್ಟಿದಾರಲ್ಲೇ!"

"ಅಮ್ಮಾ, ಲೆಫ್ಟ್ ಮೇಲೆ ಬರ್ಬೇಕಂತೆ. ಹರುಕೊ ಗ್ರ್ಯಾನಿ ಟೋಲ್ಡ್ ಮಿ. ಚೇಂಜ್ ಮಾಡ್ಬೇಡ."

"ಪಾಪ, ವಯಸ್ಸಾಗಿದೆ, ಕನ್ಫ್ಯೂಸ್ ಆಗಿರ್ತಾರೆ. ನಮ್ಮ ಬ್ಲೌಸಲ್ಲಿ ಯಾವ್ದು ಮೇಲಿರತ್ತೆ ಹೇಳು? ಬಲ. ಹೆಣ್ಣುಮಕ್ಕಳಿಗೆ ಬಲಾನೇ ಶುಭ. ನೆಟ್ಟಗೆ ನಿಂತ್ಕೋ."

ಬಲಗಡೆಯನ್ನು ಮೇಲೆ ತಂದು, ನೆರಿಗೆ ತೀಡಿ, ನಡುಪಟ್ಟಿ ಕಟ್ಟಿ, ಹೊರಗೆ ಕರೆತಂದೆ. ಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದೆ. ಪಕ್ಕದಲ್ಲಿದ್ದ ಒಂದು ಜಪಾನಿ ಕುಟುಂಬದ ತಾಯಿ ನಮ್ಮತ್ತ ನೋಡಿದವಳು ತಟ್ಟನೆ ಮುಖ ತಿರುಗಿಸಿದಳು. ದೃಷ್ಟಿ ತಗಲುವಷ್ಟು ಚೆನ್ನಾಗಿದ್ದಾಳೆ ನನ್ನ ಮಗಳು ಎಂದುಕೊಂಡೆ.

ಹರುಕೊ ಬೆಂಚಿನಿಂದ ಏಳುತ್ತಿದ್ದವರು ಹಾಗೇ ಕೂತುಬಿಟ್ಟರು. ಕೈ ಬಾಯಿಗೆ ಹೋಯಿತು. ನಾನು ಓಡಿಹೋಗಿ ನೀರು ಕೊಟ್ಟೆ. ಅವರು ಕುಡಿಯಲಿಲ್ಲ.

"ಯಾರು ಬದಲಾಯಿಸಿದ್ದು?" ಎಂದು ಮೆಲ್ಲಗೆ ಕೇಳಿದರು.

"ನಾನೇ. ತಪ್ಪಾಯಿತೇ?"

"ಸತ್ತವರಿಗೆ ಮಾತ್ರ ಬಲಗಡೆ ಮೇಲೆ ಹಾಕ್ತೇವೆ. ಸಾವಿರದ ಮುನ್ನೂರು ವರ್ಷದ ಹಿಂದೆ ಅರಮನೆಯಿಂದಲೇ ಆಜ್ಞೆಯಾಗಿತ್ತಂತೆ, ಎಲ್ಲರೂ ಎಡಗಡೆಯನ್ನೇ ಮೇಲೆ ಹಾಕಬೇಕು ಅಂತ. ಬದುಕಿರುವವರಿಗೆ ಈಗಲೂ ಅದೇ ಪದ್ಧತಿ." ನೀರಿನ ಬಾಟಲಿ ಪಕ್ಕಕ್ಕಿಟ್ಟು ಹೇಳಿದರು: "ನನ್ನ ತಂಗಿಯನ್ನ ಕೊನೇ ಸಲ ಫೋನಿನಲ್ಲಿ ನೋಡಿದೆ. ಬಿಳೀ ಬಟ್ಟೆ, ಬಲಗಡೆ ಮೇಲೆ, ಕೈ ಜೋಡಿಸಿಟ್ಟಿದ್ದರು."

ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಮಗಳು ಹೇಳಿದ್ದಳು, ಕೇಳಲಿಲ್ಲ. ಉಡಿಸಿದವರು ಹೊರಗೆ ಬೆಂಚಿನ ಮೇಲೇ ಕೂತಿದ್ದರು, ಹೋಗಿ ಒಂದು ಮಾತು ಕೇಳಲಿಲ್ಲ. ಇನ್ನೊಬ್ಬರ ಸಂಪ್ರದಾಯವನ್ನು ನನ್ನ ರವಿಕೆಯ ಅಳತೆಗೆ ಹೊಲಿಯಲು ಹೋಗಿದ್ದೆ. "ಕ್ಷಮಿಸಿ" ಎಂದೆ. ಆ ಪದ ಬಹಳ ಸಣ್ಣದು ಅನ್ನಿಸಿತು. ಹರುಕೊ ತಲೆಯಾಡಿಸಿದರು. ಬೆಳಿಗ್ಗೆ ಉಡಿಸುವಷ್ಟರಲ್ಲೇ ಬೆರಳುಗಳು ನೋಯತೊಡಗಿದ್ದರಿಂದ ಅವರಿಗೆ ಸರಿಪಡಿಸಲಾಗಲಿಲ್ಲ. ಮತ್ತೆ ಒಳಗೆ ಹೋಗಿ, ಅವರು ಹೇಳಿದಂತೆ ನಾನೇ ಎಡವನ್ನು ಮೇಲೆ ತಂದೆ.

ಆಮೇಲೆ ನೀರಿನ ಪಕ್ಕ ನಡೆದೆವು. ದಂಡೆಯ ಒಂದು ಭಾಗದಲ್ಲಿ ರಿಪೇರಿಯ ಬೇಲಿ, ಉಳಿದ ಕಡೆ ಜನವೋ ಜನ. ಮೇಘಾ ಮುಂದೆ ನಡೆಯುತ್ತಿದ್ದಳು, ಉದ್ದ ತೋಳುಗಳು ಗಾಳಿಗೆ ಹಾರುತ್ತಿದ್ದವು. ನೋಡಲೆಂದೇ ಬಂದಿದ್ದ ಹರುಕೊ ನೆಲ ನೋಡಿಕೊಂಡು ನಡೆದರು. "ಈಗ ಸರಿಯಿದೆಯಾ?" ಎಂದು ಕೇಳಿದೆ.

"ಸರಿಯಿದೆ. ಆದರೆ ನನ್ನ ಕಣ್ಣಿಗೆ ಇನ್ನೂ ಅದೇ ಕಾಣ್ತಿದೆ."

ಪುಳಿಯೋಗರೆಯ ಡಬ್ಬಿ ಯಾರೂ ತೆರೆಯಲಿಲ್ಲ. ಮೂರು ಗಂಟೆಗೆ ವಾಪಸ್ ರೈಲು ಹತ್ತಿದೆವು. ಹರುಕೊ ಮತ್ತು ಮೇಘಾ ಒಂದು ಸೀಟಿನಲ್ಲಿ, ನಾನು ಎದುರಿಗೆ. ನಡೆದು ದಣಿದಿದ್ದ ಹುಡುಗಿ ಹರುಕೊ ಅವರ ಹೆಗಲಿಗೆ ಒರಗಿ, ಕೈಗಳನ್ನು ಮಡಿಲಲ್ಲಿ ಜೋಡಿಸಿ ಕಣ್ಣು ಮುಚ್ಚಿದಳು. ಹರುಕೊ ಅವಳತ್ತ ತಿರುಗಿ ಒಂದು ಕ್ಷಣ ನೋಡಿದರು. ನಂತರ ಅವಳ ಕೆನ್ನೆ ತಟ್ಟಿದರು.

"ನಿದ್ದೆ ಮಾಡಬೇಡ ಮಗು. ಮಾತಾಡು."

"ವಾಟ್ ಶುಡ್ ಐ ಸೇ, ಗ್ರ್ಯಾನಿ?"

"ಏನಾದರೂ. ಸುಮ್ಮನಿರಬೇಡ, ಅಷ್ಟೇ."

ಮೇಘಾ ಅರೆನಿದ್ದೆಯಲ್ಲೇ ಶಾಲೆಯದು, ಗೆಳತಿಯರದು, ಬಾಯಿಗೆ ಬಂದದ್ದೆಲ್ಲ ಹೇಳುತ್ತಾ ಹೋದಳು. ದನಿ ಇಳಿದಾಗಲೆಲ್ಲ ಹರುಕೊ ಅವಳ ಕೈ ಒತ್ತುತ್ತಿದ್ದರು. ಹರ್ನ್‌ಡನ್ ಬರುವವರೆಗೂ ನನಗೆ ಅವರಿಬ್ಬರ ಕಡೆ ತಲೆಯೆತ್ತಿ ನೋಡಲಾಗಲಿಲ್ಲ.