ಕಿಂಡಿ ಮೇಷ್ಟ್ರೂ ತಿಮಿಂಗಿಲದ ಪುಸ್ತಕವೂ

ಒಂದನೇ ತರಗತಿಯ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಸಂಬಳ ಕೊಡುವವರು ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ. ಊರಿಗೆಲ್ಲ ಅವರು ಕಿಂಡಿ ಮೇಷ್ಟ್ರು. ಅವರ ಅಂಗಿ ಜೇಬಿನಲ್ಲಿ ಸದಾ ಒಂದು ರಟ್ಟಿನ ತುಂಡಿರುತ್ತದೆ. ಅದರ ನಡುವೆ ಒಂದೇ ಒಂದು ಪದ ಇಣುಕುವಷ್ಟು ಕಿಂಡಿ. ಮಗು ಓದಲು ಕೂತರೆ ಮೇಷ್ಟ್ರು ಆ ರಟ್ಟನ್ನು ಪುಟದ ಮೇಲೆ ಎಲ್ಲೋ ಒಂದು ಕಡೆ ಇಟ್ಟು, “ಇದೇನು?” ಎನ್ನುತ್ತಾರೆ. ಆಮೇಲೆ ಕೆಳಗಿನ ಸಾಲು, ಆಮೇಲೆ ಮೇಲಿನ ಮೂಲೆ. ಕಳ್ಳಮಾಲು ಹುಡುಕುವ ಪೊಲೀಸರೂ ಮನೆಯನ್ನು ಇಷ್ಟು ಜಾಲಾಡಲಿಕ್ಕಿಲ್ಲ.

ಈ ಆಯುಧ ಹುಟ್ಟಿದ್ದು ಒಂದು ಅವಮಾನದಿಂದ. ಮೇಷ್ಟ್ರ ಮೀಸೆ ಇನ್ನೂ ಕಪ್ಪಗಿದ್ದ ಕಾಲದಲ್ಲಿ ಇನ್ಸ್‌ಪೆಕ್ಟರು ಶಾಲೆ ನೋಡಲು ಬಂದರು. ಮೇಷ್ಟ್ರು ಎದೆಯುಬ್ಬಿಸಿ ತಮ್ಮ ಅತಿ ಜಾಣ ಹುಡುಗನನ್ನು ಎಬ್ಬಿಸಿದರು. ಅವನು ಸಾಲಿನ ಕೆಳಗೆ ಬೆರಳಿಟ್ಟು ಪಾಠವನ್ನು ನೀರು ಕುಡಿದಂತೆ ಓದಿದ. ಇನ್ಸ್‌ಪೆಕ್ಟರು ಮೆಲ್ಲಗೆ ಪುಸ್ತಕವನ್ನು ತಲೆಕೆಳಗು ಮಾಡಿದರು. ಹುಡುಗ ಓದುತ್ತಲೇ ಇದ್ದ. ಪುಸ್ತಕ ಕಿತ್ತುಕೊಂಡರು. ಆಗಲೂ ಓದುತ್ತಿದ್ದ, ಬೆರಳು ಬೆಂಚಿನ ಮೇಲೆ ಓಡುತ್ತಿತ್ತು. ದಿನವೂ ಒಕ್ಕೊರಲಿನಿಂದ ಕೂಗಿ ಕೂಗಿ ಇಡೀ ಪುಸ್ತಕ ಅವನ ಬಾಯಿಗೆ ಬಂದಿತ್ತು, ಕಣ್ಣಿಗೆ ಬಂದಿರಲಿಲ್ಲ. ಅಂದಿನಿಂದ ಮೇಷ್ಟ್ರು ಲೋಕದಲ್ಲಿ ಯಾರ ಓದನ್ನೂ ನಂಬಿದವರಲ್ಲ. ಬಸ್ಸಿನಲ್ಲಿ ಪಕ್ಕದವರು ಪೇಪರ್ ಓದುತ್ತಿದ್ದರೂ ಇವರ ಕೈ ಜೇಬಿನ ಕಡೆಗೇ ಹೋಗುತ್ತದೆ.

ಹೀಗಿರುವಾಗ ಶಾಲೆಗೆ ಗಾಜಿನ ಬಾಗಿಲಿನ ಒಂದು ಬೀರು, ಅದರ ತುಂಬ ಹೊಸ ಕಥೆ ಪುಸ್ತಕಗಳು ಬಂದವು.

“ಇವು ಬೀಗ ಹಾಕಿಡೋಕಲ್ಲ ಮೇಷ್ಟ್ರೇ. ಓದೋಕೆ ಬರೋ ಮಕ್ಕಳಿಗೆಲ್ಲ ಮನೆಗೆ ಕೊಡಿ,” ಎಂದರು ಹೆಡ್ಮಿಸ್.

“ಓದೋಕೆ ಬರುತ್ತೆ ಅಂತ ಹೇಳೋರು ಯಾರು?”

“ನೀವೇ ಹೇಳಿ.”

ಹೆಡ್ಮಿಸ್ ಮಾಡಿದ ತಪ್ಪು ಅದು. ಅಂದೇ ಬೀಗದ ಕೈ ಮೇಷ್ಟ್ರ ಜೇಬಿಗಿಳಿದು ರಟ್ಟಿನ ಪಕ್ಕದಲ್ಲಿ ಬೆಚ್ಚಗೆ ಮಲಗಿತು. ಕೆಲವು ಮಕ್ಕಳು ಕಿಂಡಿಯ ಪರೀಕ್ಷೆ ಗೆದ್ದು ಒಂದೊಂದು ಪುಸ್ತಕ ಒಯ್ದರು, ತೆರೆದ ಗುರುತೇ ಇಲ್ಲದಂತೆ ತಂದಿಟ್ಟರು. ಎಷ್ಟು ಜೋಪಾನ ಎಂದು ಮೇಷ್ಟ್ರು ಹಿಗ್ಗಿದರು.

ಕಟಿಂಗ್ ಶಾಪಿನವರ ಮಗಳಿಗೆ ಮಾತ್ರ ಪುಸ್ತಕ ಸಿಕ್ಕಿರಲಿಲ್ಲ. ಮೇಲಿನ ಹಲಗೆಯಲ್ಲಿ ತಿಮಿಂಗಿಲದ ಒಂದು ದಪ್ಪ ಪುಸ್ತಕವಿತ್ತು. ಆಟದ ಹೊತ್ತಿನಲ್ಲೆಲ್ಲ ಅವಳು ಗಾಜಿಗೆ ಮೂಗೊತ್ತಿ ಅದನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅವಳ ತೊಂದರೆ ಏನೆಂದರೆ, ಅವಳು ಬಹಳ ಚೆನ್ನಾಗಿ ಓದುತ್ತಿದ್ದಳು. ಅದೇ ಮೇಷ್ಟ್ರಿಗೆ ಅನುಮಾನ.

ಮೇಷ್ಟ್ರು ಪಾಠದ ಪುಸ್ತಕದ ಒಂದು ಪುಟ ತೆಗೆದು ರಟ್ಟು ಇಟ್ಟರು. ಕಿಂಡಿಯಲ್ಲಿ ಕಂಡದ್ದು ‘ದೋಣಿಯ’ ಎಂಬ ಒಂದೇ ಪದ.

“ದೋಣಿಯ ತುದಿಯಲ್ಲಿ ಕುಳಿತಿದ್ದ ಕಪ್ಪೆ ಒಮ್ಮೆ ಕೆಮ್ಮಿತು,” ಎಂದಳು ಹುಡುಗಿ.

“ಸಿಕ್ಕಿಬಿದ್ದೆ! ನಾನು ತೋರಿಸಿದ್ದು ಒಂದು ಪದ. ಕಪ್ಪೆ ಎಲ್ಲಿಂದ ಬಂತು?”

“ರಟ್ಟು ಇಡೋ ಮುಂಚೆ ನೋಡ್ದೆ ಸಾರ್.”

“ಅಷ್ಟು ಬೇಗ?”

“ನೀವು ಜೇಬಲ್ಲಿ ತಡಕಾಡ್ತಾ ಇದ್ರಲ್ಲ, ಆವಾಗ.”

ಸುಳ್ಳು ಎಂದು ತೀರ್ಪಾಯಿತು. ಅವಳಣ್ಣ ಇದೇ ಪುಸ್ತಕ ಓದಿ ಮುಂದಿನ ತರಗತಿಗೆ ಹೋದವನು. ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದೆ. ಮರುದಿನ ಮೇಷ್ಟ್ರು ಅಂದಿನ ಪೇಪರನ್ನೇ ಹಿಡಿದರು. ಸೇತುವೆ ಕೆಲಸ ನಿಂತ ಸುದ್ದಿಯನ್ನು ಹುಡುಗಿ ಸರಾಗವಾಗಿ ಓದಿದಳು. ಅರ್ಧದಲ್ಲಿ ಮೇಷ್ಟ್ರಿಗೆ ಹೊಳೆಯಿತು: ಪೇಪರ್ ಮೊದಲು ಬರುವುದೇ ಕಟಿಂಗ್ ಶಾಪಿಗೆ, ಅಲ್ಲಿ ಕಾಯುತ್ತ ಕೂತವರು ಗಟ್ಟಿಯಾಗಿ ಓದುತ್ತಾರೆ! ಆ ಪರೀಕ್ಷೆಯೂ ರದ್ದಾಯಿತು.

ವಿಚಾರಣೆಯನ್ನು ಬೇರಿನಿಂದಲೇ ಶುರುಮಾಡೋಣವೆಂದು ಅವರು ಗಡ್ಡ ಮಾಡಿಸಿಕೊಳ್ಳುವ ನೆಪದಲ್ಲಿ ಕಟಿಂಗ್ ಶಾಪಿಗೆ ಹೋಗಿ ಕುರ್ಚಿಯೇರಿದರು.

“ನಿನ್ನ ಮಗಳಿಗೆ ಮನೇಲಿ ಯಾರಪ್ಪಾ ಓದು ಹೇಳಿಕೊಡೋರು?”

“ಯಾರೂ ಇಲ್ಲ ಸಾರ್.”

“ಮತ್ತೆ ಎಲ್ಲಿ ಕಲಿತಳು?”

ಹುಡುಗಿಯ ಅಪ್ಪ ಕತ್ತಿಯನ್ನು ಮೇಷ್ಟ್ರ ಗಂಟಲ ಮೇಲಿಟ್ಟು ಕನ್ನಡಿಯಲ್ಲಿ ಅವರನ್ನೇ ನೋಡಿದ. “ಇದೊಳ್ಳೆ ಕತೆ ಆಯ್ತಲ್ಲ! ಮೇಷ್ಟ್ರು ನೀವೇ ತಾನೇ? ಅಲ್ಲಾಡಬೇಡಿ, ಕುಯ್ದುಬಿಡುತ್ತೆ. ಅವಳು ತಿಮಿಂಗಿಲ ತಿಮಿಂಗಿಲ ಅಂತ ನನ್ನ ತಲೆ ತಿಂತಾಳೆ. ಕೊಟ್ಟುಬಿಡಿ ಸಾರ್ ಅದನ್ನ, ಪುಣ್ಯ ಬರುತ್ತೆ.”

ಮಗು ತಮ್ಮಿಂದಲೇ ಕಲಿತಿರಬಹುದು ಎಂಬ ಸಂಗತಿ ಮೇಷ್ಟ್ರ ಅನುಮಾನದ ವ್ಯಾಪ್ತಿಗೆ ಅದುವರೆಗೆ ಬಂದಿರಲಿಲ್ಲ. ಬಂದ ಮೇಲೂ ಅವರು ಅದನ್ನು ನಂಬಲಿಲ್ಲ.

ಉಳಿದದ್ದು ಒಂದೇ ದಾರಿ. ಭೂಮಿಯ ಮೇಲೆ ಯಾರೂ ಓದಿರದ, ಯಾರೂ ಕೇಳಿರದ ಪಾಠ ಬೇಕು. ಭಾನುವಾರ ಊಟವಾದ ಮೇಲೆ ಮೇಷ್ಟ್ರು ಹಳೆ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ಪೆನ್ನು ಹಿಡಿದು ಯುದ್ಧಕ್ಕೆ ಕೂತರು. ಎಷ್ಟೋ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಕಥೆಯೊಳಗಿನ ಒಂದು ಮೇಕೆಯನ್ನು ಶಾಲೆಯ ಗೇಟು ದಾಟಿಸಲಾರದೆ ಬೆವರಿತು. ಮುಚ್ಚಿದ ಬಾಗಿಲು ತಳ್ಳಿಕೊಂಡು ಹೆಂಡತಿ ಒಗೆದ ಬಟ್ಟೆಯೊಂದಿಗೆ ಬಂದಾಗ ಅವರು ಹಾಳೆಯ ಮೇಲೆ ಬೋರಲು ಬೀಳುವುದೊಂದೇ ಬಾಕಿ.

“ಏನ್ರೀ ಅದು ಮುಚ್ಚಿಡ್ತಿರೋದು?”

“ಏನಿಲ್ಲ ಕಣೇ. ಮೇಕೆ.”

“ಈ ವಯಸ್ಸಲ್ಲಿ ಯಾರಿಗ್ರೀ ಬರೀತಿದ್ದೀರಿ?”

“ಒಂದನೇ ಕ್ಲಾಸಿನ ಹುಡುಗಿಗೆ. ಪರೀಕ್ಷೆ.”

“ಭಾನುವಾರ, ಬಾಗಿಲು ಹಾಕ್ಕೊಂಡು, ಮೇಕೆ ಪರೀಕ್ಷೆ!” ಆಕೆಯೂ ಆ ಮನೆಯಲ್ಲಿ ಬಹಳ ವರ್ಷ ಬಾಳಿದವರು, ಅನುಮಾನವನ್ನು ಚೆನ್ನಾಗಿಯೇ ಕಲಿತಿದ್ದರು. ಸಂಜೆಯವರೆಗೆ ಆ ಬಾಗಿಲಿಗೆ ಎದುರಾಗಿಯೇ ಕೂತು ಬಟ್ಟೆ ಮಡಚಿದರು.

ಸೋಮವಾರ ಬೆಳಗ್ಗೆ ಮೇಷ್ಟ್ರು ಎಲ್ಲರೆದುರು ಹಾಳೆ ಬಿಡಿಸಿ, ರಟ್ಟು ಇಟ್ಟರು.

“ಇದೇನು?”

“ಮೇಕೆ. ಸಾರ್, ಕಿಂಡಿ ತೆಗೀರಿ. ಮೇಕೆ ಏನು ಮಾಡ್ತು ಅಂತ ಕಾಣಿಸ್ತಿಲ್ಲ.”

ಬಾಯಿಪಾಠವಾಗಿರಲು ಸಾಧ್ಯವೇ ಇಲ್ಲದ ಹಾಳೆ ಅದು. ಮೇಷ್ಟ್ರು ಧೈರ್ಯ ಮಾಡಿ ರಟ್ಟು ತೆಗೆದರು. ಹುಡುಗಿ ಓದತೊಡಗಿದಳು. ಮೇಕೆ ಶಾಲೆಗೆ ನುಗ್ಗಿತು. ಗಂಟೆಯ ಹಗ್ಗ ತಿಂದಿತು. ಗಂಟೆ ಹೊಡೆಯದೆ ಪಾಠ ಮುಗಿಯಲಿಲ್ಲ; ಮಕ್ಕಳಿಗೆ ಮೀಸೆ ಬಂತು, ಮೇಷ್ಟ್ರ ಗಡ್ಡ ಮೊಣಕಾಲಿಗೆ ಬಂತು. ಬೆಂಚುಗಳಲ್ಲಿ ಕಿಸಕಿಸ ಎಂದದ್ದು ಹೋಹೋ ಎಂದಾಯಿತು. ಓದಿನ ಪಾಠದಲ್ಲಿ ಈ ಕೋಣೆ ಎಂದೂ ನಕ್ಕಿರಲಿಲ್ಲ. ಏನು ಮಾಡಬೇಕೆಂದು ಗೊತ್ತಾಗದೆ ಮೇಷ್ಟ್ರು ಡಸ್ಟರ್ ತೆಗೆದು ಖಾಲಿ ಬೋರ್ಡು ಒರೆಸಿದರು.

‘ಹೆಡ್ಮಿಸ್ ದೊಣ್ಣೆ ಹಿಡಿದು ಓಡಿಬಂದರು. ಮೇಕೆ ತಲೆಯೆತ್ತಿ’ ಎನ್ನುವಲ್ಲಿಗೆ ಹಾಳೆ ಮುಗಿಯಿತು. ಹುಡುಗಿ ಮಗುಚಿ ನೋಡಿದಳು. ಅಲ್ಲಿ ಬರೀ ತಾರೀಖುಗಳಿದ್ದವು.

“ಆಮೇಲೆ?”

“ಆಮೇಲೆ ಏನಿಲ್ಲ. ಪರೀಕ್ಷೆ ಮುಗೀತು.”

“ತಲೆಯೆತ್ತಿ ಏನು ಮಾಡ್ತು ಸಾರ್?”

ಮೇಷ್ಟ್ರಿಗೆ ಆಗ ಹೊಳೆಯಿತು. ಬಾಯಿಪಾಠ ಮಾಡಿದವರು ಯಾರೂ ‘ಆಮೇಲೆ’ ಎಂದು ಕೇಳುವುದಿಲ್ಲ, ಅವರಿಗೆ ಅದು ಮೊದಲೇ ಬಾಯಲ್ಲಿರುತ್ತದೆ. ಅದು ಸರಿ. ಆದರೆ ತಾವು ಕಿಂಡಿಯಿಂದ ಪಾಸು ಮಾಡಿ ಪುಸ್ತಕ ಕೊಟ್ಟ ಮಕ್ಕಳಲ್ಲಿ ಒಬ್ಬರಾದರೂ ಹೀಗೆ ಕೇಳಿದ್ದರೇ? ಅಷ್ಟು ಜೋಪಾನವಾಗಿ ತಂದಿಟ್ಟ ಆ ಪುಸ್ತಕಗಳು! ಮೇಷ್ಟ್ರು ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಕಡೆಗೇ ಅನುಮಾನದಿಂದ ನೋಡಿದರು, ಎದುರಿಗೆ ಕನ್ನಡಿಯಿಲ್ಲದಿದ್ದರೂ.

ಬೀರು ತೆರೆಯಿತು. ಹುಡುಗಿ ತಿಮಿಂಗಿಲವನ್ನು ಎರಡು ಕೈಯಲ್ಲೂ ತಬ್ಬಿಕೊಂಡು ಇಳಿಸಿ, ಅಲ್ಲೇ ನೆಲದ ಮೇಲೆ ಕೂತು ತೆರೆದಳು. ಮಿಕ್ಕವರು ಮೇಕೆಯ ಬಗ್ಗೆ ಜಗಳ ಶುರುಮಾಡಿದ್ದರು. ಹೆಡ್ಮಿಸ್ಸಿಗೇ ಹಾಯಿತು ಎಂದು ಕೆಲವರು, ದೊಣ್ಣೆಯನ್ನೂ ತಿಂದಿತು ಎಂದು ಕೆಲವರು.

ಮೇಷ್ಟ್ರು ಮಾತ್ರ ಹುಡುಗಿಯನ್ನೇ ನೋಡುತ್ತಿದ್ದರು. ಅವಳ ತುಟಿ ಅಲ್ಲಾಡುತ್ತಿರಲಿಲ್ಲ, ಬೆರಳೂ ಓಡುತ್ತಿರಲಿಲ್ಲ. ಸದ್ದಿಲ್ಲದ ಓದು! ನಿಜವೋ ನಾಟಕವೋ ಯಾವ ರಟ್ಟಿನಿಂದ ಕಂಡುಹಿಡಿಯುವುದು? ಅವರು ಬಗ್ಗಿದರು. ಇನ್ನೂ ಬಗ್ಗಿ, ಅವಳ ಭುಜದ ಮೇಲಿಂದ ಇಣುಕಿದರು.

“ಸಾರ್,” ಎಂದಳು ಹುಡುಗಿ ತಲೆಯೆತ್ತದೆ, “ಸ್ವಲ್ಪ ಆ ಕಡೆ ಹೋಗಿ. ಬೆಳಕಿಗೆ ಅಡ್ಡ ಬರ್ತಿದ್ದೀರಿ.”