ಕಮಲಾಪುರದಿಂದ ತಂದ ಹಲ್ಲಿನ ಚಕ್ರ

ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ ಎಲ್ಲಿ ಬಂದರೂ ನನಗೆ ಅವ್ವನ ಕೈ ನೆನಪಾಗುತ್ತದೆ. ಸೇಡಂ ರಸ್ತೆಯ ಗ್ಯಾರೇಜುಗಳ ಮುಂದೆ ಹಾಯುವಾಗ ನನ್ನ ನಡಿಗೆ ಇವತ್ತಿಗೂ ತಾನಾಗಿ ನಿಧಾನವಾಗುತ್ತದೆ. ನಮ್ಮ ಅವ್ವ ಹೂಬತ್ತಿ ಹೊಸೆದ ಬೆರಳುಗಳಿಂದಲೇ ಕಾರಿನ ಕಾರ್ಬುರೇಟರ್ ಬಿಚ್ಚುತ್ತಿದ್ದಳು. ಗಾಜಿಪುರದ ಮನೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ, ಆ ಹಳೆಯ ಫ್ರೆಂಚ್ ಕಾರು ನಿಂತಿರುತ್ತಿತ್ತು. ಅಪ್ಪ ಡಾಕ್ಟರ್. ತಮ್ಮ ಜೀವ ಉಳಿಸಿದ್ದಕ್ಕೆ ಒಬ್ಬ ಜಾಗೀರದಾರರು ಅದನ್ನು ಅಪ್ಪನಿಗೆ ಕೊಟ್ಟಿದ್ದರು. ಅಂಥ ಗಾಡಿ ನಮ್ಮ ಸೀಮೆಯಲ್ಲಿ ಇದ್ದದ್ದು ಎರಡೇ. ಹಳ್ಳಿಯಿಂದ ಹೆರಿಗೆಯೆಂದೋ ಹಾವು ಕಡಿದಿದೆಯೆಂದೋ ಕರೆ ಬಂದರೆ ಅದೇ ಓಡಬೇಕು. ಊರಿನ ಮಿಸ್ತ್ರಿಗಳು ಬಾನೆಟ್ ಎತ್ತಿ ನೋಡಿ, "ಇದು ನಮ್ಮ ಕೈಲೆ ಆಗೂದಲ್ರಿ ಡಾಕ್ಟರ್ ಸಾಬ್" ಎಂದು ಇಳಿಸಿಬಿಡುತ್ತಿದ್ದರು. ಅಪ್ಪನೇ ಕೈ ಹಾಕೋಣವೆಂದರೆ, ಬೆರಳಿಗೆ ಗಾಯವಾದರೆ ರೋಗಿಗಳನ್ನು ಮುಟ್ಟುವ ಹಾಗಿಲ್ಲ. ಹೀಗೆ ನಟ್ಟು ತಿರುಗಿಸುವ ಪಾನಾ ಅವ್ವನ ಕೈಗೆ ಬಂತು. ಕಾರಿನ ಜೊತೆಗೆ ಬಂದ ರಿಪೇರಿಯ ಪುಸ್ತಕ ಫ್ರೆಂಚಿನಲ್ಲಿತ್ತು. "ಭಾಷಾ ನಿಮಗೂ ಬರಂಗಿಲ್ಲ, ನನಗೂ ಬರಂಗಿಲ್ಲ. ಚಿತ್ರ ಮಾತ್ರ ನನಗ ಛಲೋ ತಿಳೀತಾವ" ಎಂದು ಅವಳು ಪುಸ್ತಕವನ್ನು ಅಪ್ಪನ ಕೈಯಿಂದ ತೆಗೆದುಕೊಂಡಳಂತೆ.

ರಜಾಕಾರರ ಗದ್ದಲದ ವರ್ಷ, ಒಂದು ಮುಂಜಾನೆ ಕಾರು ಅಂಗಳದಲ್ಲೇ ಕಟಕಟ ಎಂದು ನಿಂತುಬಿಟ್ಟಿತು. ಅವ್ವ ಎರಡು ದಿನ ಕೂತು ಇಂಜಿನ್ನಿನ ಮುಂಭಾಗ ಬಿಚ್ಚಿದಳು. ಒಳಗೆ ರೊಟ್ಟಿಯಗಲದ ಒಂದು ಹಲ್ಲಿನ ಚಕ್ರವಿತ್ತು. ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ ಒತ್ತಿ ಗಟ್ಟಿಮಾಡಿದ್ದು. ಅದರ ಒಂದು ಕಡೆಯ ಹಲ್ಲುಗಳೆಲ್ಲ ಉದುರಿದ್ದವು. ಮುಂಬಯಿಯಿಂದ ತರಿಸೋಣವೆಂದರೆ, ಸೋಲಾಪುರದ ಆಚೆಯಿಂದ ನಿಜಾಮರ ಸೀಮೆಗೆ ಸಾಮಾನು ಬರುವುದೇ ನಿಂತಿತ್ತು. ಬಡಿಗನೊಬ್ಬ ಸಾಗವಾನಿಯಲ್ಲಿ ಕೆತ್ತಿಕೊಟ್ಟ ಚಕ್ರ ಗಲ್ಲಿ ದಾಟುವುದರೊಳಗೆ ಸೀಳಿತು. ಅದೇ ವಾರ ಅಪ್ಪನ ಎತ್ತಿನ ಗಾಡಿ ಊರು ಮುಟ್ಟುವುದಕ್ಕೆ ಮೊದಲೇ ಒಬ್ಬ ಬಸುರಿ ಹೆಂಗಸು ಹೆರಿಗೆಯಲ್ಲಿ ತೀರಿಕೊಂಡಳು. ಅಪ್ಪ ಮರಳಿ ಬಂದು, ಮುಖ ಸಹ ತೊಳೆಯದೆ ಕಟ್ಟೆಯ ಮೇಲೆ ಕೂತ. ಅವ್ವ ನೀರಿನ ತಂಬಿಗೆ ತಂದು ಅವನ ಮುಂದಿಟ್ಟು, "ಎರಡನೇ ಗಾಡಿ ಎಲ್ಲಿ ಅದ ಅಂದಿದ್ರಿ?" ಎಂದಳು.

ಅದು ಕಮಲಾಪುರದಲ್ಲಿ, ನಿವೃತ್ತ ತಹಶೀಲದಾರ ಮುನೀರ್ ಸಾಹೇಬರ ವಾಡೆಯಲ್ಲಿತ್ತು. ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಸಾಹೇಬರು ನಮ್ಮನ್ನು ಕೂಡಿಸಿ ಆ ಊರಿನ ಕೆಂಪು ಬಾಳೆಹಣ್ಣು ಕೊಟ್ಟರು. ಕಾರಿನ ಮಾತು ಬಂದೊಡನೆ ಹಣ್ಣಿನ ತಟ್ಟೆ ಕೆಳಗಿಟ್ಟರು. ಅದು ಅವರ ಮಗನ ಕಾರು. ಮಗ ಎರಡು ವರ್ಷದ ಹಿಂದೆ ಜ್ವರದಲ್ಲಿ ಹೋಗಿದ್ದ. ಅಂದಿನಿಂದ ಅದು ಹೆಂಗಸರ ಒಳಅಂಗಳದಲ್ಲಿ, ತಾಯಿಯ ಕಣ್ಣೆದುರಿಗೆ ನಿಂತಿತ್ತು. ಹೊರಗಿನ ಗಂಡಸರು ಅಲ್ಲಿ ಕಾಲಿಡುವಂತಿರಲಿಲ್ಲ. "ಮಾಫ್ ಮಾಡ್ರಿ ಡಾಕ್ಟರ್ ಸಾಬ್, ಅದನ್ನ ಯಾರೂ ಮುಟ್ಟಿಲ್ಲ" ಎಂದರು. ಪರದೆಯ ಹಿಂದಿನಿಂದ ಬೇಗಂ ಸಾಹೇಬರ ದನಿ ಕೇಳಿತು: "ಬಿಚ್ಚೋರು ಯಾರು?" ಅವ್ವ, "ನಾನೇ ರೀ" ಎಂದಳು. ಪರದೆಯ ಅಂಚನ್ನು ಒಂದು ಕೈ ಸರಿಸಿತು. ಆಮೇಲೆ, "ಅಂದರ್ ಆಜಾ, ಬೆಹೆನ್. ಒಳಗ ಬಾ, ತಂಗಿ."

ಅವ್ವನ ಹಿಂದೆ ನಾನೂ ಒಳಗೆ ಹೋದೆ. ಮಲ್ಲಿಗೆಯ ಬಳ್ಳಿ ಕಾರಿನ ಗಾಲಿಗೆ ಸುತ್ತಿಕೊಂಡಿತ್ತು; ಸೀಟಿನ ಮೇಲೆ ಮಗನ ಟೊಪ್ಪಿಗೆ ಹಾಗೇ ಇತ್ತು. ಬೇಗಂ ಸಾಹೇಬರು ಮೊದಲು ಮುಖ ತಿರುವಿ ಕೂತಿದ್ದರು. ಮೊದಲ ನಟ್ಟು ಕಿರುಗುಟ್ಟಿದಾಗ ಎದ್ದು ಬಂದು, ದುಪಟ್ಟಾ ಹರವಿ, ಅವ್ವ ಬಿಚ್ಚಿದ್ದನ್ನೆಲ್ಲ ಅದರಲ್ಲಿ ಹಿಡಿದುಕೊಳ್ಳತೊಡಗಿದರು. ಪರದೆಯ ಆಚೆಯಿಂದ ಅಪ್ಪ, "ಎಡಕ್ಕ ತಿರುವು, ಎಡಕ್ಕ" ಎಂದು ಕೂಗುತ್ತಲೇ ಇದ್ದ. "ತಿರುವಾಕತ್ತೀನಿ, ನೀವು ಸುಮ್ಕ ಹಣ್ಣು ತಿನ್ರಿ" ಎಂದಳು ಅವ್ವ. ಬೇಗಂ ಸಾಹೇಬರು ನಕ್ಕುಬಿಟ್ಟರು. ಅಡುಗೆಮನೆಯ ಹೆಂಗಸು ಬಾಗಿಲಿಗೆ ಓಡಿಬಂದು ಅವರನ್ನೇ ನೋಡುತ್ತ ನಿಂತಳು. ಎರಡು ವರ್ಷದಿಂದ ಆ ಮನೆಯಲ್ಲಿ ಅಂಥ ಸದ್ದು ಕೇಳಿರಲಿಲ್ಲ. ಇಳಿಹೊತ್ತಿಗೆ ಹಲ್ಲಿನ ಚಕ್ರ ಹೊರಗೆ ಬಂತು. ಒಂದು ಹಲ್ಲೂ ಮುಕ್ಕಾಗಿರಲಿಲ್ಲ. ಅವರು ಅದನ್ನು ತೊಡೆಯ ಮೇಲಿಟ್ಟು ಒರೆಸಿ ಅವ್ವನಿಗೆ ಕೊಟ್ಟರು. "ಇಲ್ಲಿ ನಿಂತು ಏನ್ ಮಾಡ್ತದ? ಯಾರದರೆ ಜೀವಕ್ಕ ಓಡ್ಲಿ."

ಅದನ್ನು ಕೂಡಿಸಿದ ಮೇಲೆ ನಮ್ಮ ಕಾರು ಮತ್ತೆ ಓಡತೊಡಗಿತು. ಆ ವರ್ಷವೆಲ್ಲ ರಜಾಕಾರರ ಭಯಕ್ಕೆ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು. ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ವಾರ ಬಾಗಿಲು ಹಾಕಿಕೊಳ್ಳುವ ಸರದಿ ಮುನೀರ್ ಸಾಹೇಬರಂಥ ಮುಸಲ್ಮಾನರದಾಯಿತು. ಸುತ್ತಲಿನಿಂದ ಕೆಟ್ಟ ಸುದ್ದಿಗಳು ಬರತೊಡಗಿದಾಗ ಅಪ್ಪ, "ನಾ ಹೋಗಿ ಸಾಹೇಬರನ್ನ, ಬೇಗಂನ್ನ ಕರ್ಕೊಂಡು ಬರ್ತೇನಿ" ಎಂದ. ಅವ್ವ ಆಗಲೇ ಸೆರಗು ಕಟ್ಟಿದ್ದಳು. "ನಿಮ್ಮ ದನಿಗೆ ಬೇಗಂ ಆಪಾ ಬಾಗಿಲಾ ತೆಗೆಯಂಗಿಲ್ಲ. ನಾನೂ ಬರ್ತೇನಿ." ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದರು, ಮುಂದಿನದು ಅವ್ವ ಹೇಳಿ ಗೊತ್ತಾದದ್ದು. ಗಂಡಹೆಂಡತಿಯನ್ನು ಕೂಡಿಸಿಕೊಂಡು ಮರಳುವಾಗ ದಾರಿಯಲ್ಲಿ ಗುಂಪೊಂದು ಕಾರು ತಡೆಯಿತು. ಹಿಂದೆ ಕೂತವರು ಯಾರೆಂದು ಕೇಳಿದರು. ಅವ್ವ ತನ್ನ ಶಾಲನ್ನು ಬೇಗಂ ಸಾಹೇಬರ ತಲೆಯ ಮೇಲೆ ಎಳೆದು, "ನಮ್ಮ ಅಕ್ಕ, ಭಾವ. ಅಕ್ಕಗ ಆರಾಮಿಲ್ಲ, ದವಾಖಾನಿಗೆ ಹೊಂಟೀವಿ" ಎಂದಳು. ಅಪ್ಪ ಅಷ್ಟು ಹೊತ್ತೂ ಇಂಜಿನ್ ಆರಿಸಲಿಲ್ಲ. ಅದು ಒಮ್ಮೆಯೂ ತಡವರಿಸಲಿಲ್ಲ. ಒಬ್ಬ ಮುದುಕ ಕೈಯಾಡಿಸಿ ದಾರಿ ಬಿಡಿಸಿದನಂತೆ. ಅವನು ಯಾರೋ, ಮಾತನ್ನು ನಂಬಿದನೋ ಇಲ್ಲವೋ, ಅವ್ವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವನನ್ನು ನೆನೆಯುವುದನ್ನು ಮಾತ್ರ ಬಿಡಲಿಲ್ಲ.

ಮೂರು ತಿಂಗಳು ಅವರು ನಮ್ಮ ಹಿಂದಿನ ಕೋಣೆಯಲ್ಲಿದ್ದರು. ಬೇಗಂ ಸಾಹೇಬರು ನನಗೆ ಉರ್ದು ಅಕ್ಷರ ತಿದ್ದಿಸಿದರು, ಜಡೆ ಹೆಣೆದರು. ಆಮೇಲೆ ಹೈದರಾಬಾದಿಗೆ ಮಗಳ ಮನೆಗೆ ಹೊರಟಾಗ ಅವ್ವನ ಕೈ ಹಿಡಿದು, "ಕಮಲಾಪುರದ ಗಾಡ್ಯಾಗ ಉಳಿದದ್ದೂ ನಿಂದೇ. ಬೇಕಾದಾಗ ಬಿಚ್ಕೊ" ಎಂದರು. ವರ್ಷಗಳುದ್ದಕ್ಕೂ ಅವ್ವ ಒಂದೊಂದೇ ತಂದಳು: ಒಮ್ಮೆ ದೀಪ, ಒಮ್ಮೆ ಸ್ಪ್ರಿಂಗು, ಒಮ್ಮೆ ಬಾಗಿಲಿನ ಗಾಜು. ಆ ಟೊಪ್ಪಿಗೆಯನ್ನು ಮಾತ್ರ ಮೊದಲ ಸಲವೇ ಹೈದರಾಬಾದಿಗೆ ಕಳಿಸಿಕೊಟ್ಟಳು. ಈಗ ಅಂಗಳವೂ ಇಲ್ಲ, ಬೇವೂ ಇಲ್ಲ. ಅಪ್ಪ ಹೋದ ಮೇಲೆ ಕಾರು ಗುಜರಿಗೆ ಹೋಯಿತು. ಅದಕ್ಕಾಗಿ ನನಗೆ ಹೆಚ್ಚು ದುಃಖವಿಲ್ಲ. ಅಂಥ ಕೈಗಳ ನಡುವೆ ನಾನು ಬೆಳೆದೆನಲ್ಲ, ಅಷ್ಟು ಸಾಕು.

ಅಪ್ಪ ಇನ್ನೂ ಇದ್ದಾಗಲೇ ಒಂದು ಮಧ್ಯಾಹ್ನ ಹೈದರಾಬಾದಿನಿಂದ ಉರ್ದು ಕಾಗದ ಬಂತು. ಅಪ್ಪ ಓದಿ, ಬೇಗಂ ಸಾಹೇಬರು ತೀರಿಕೊಂಡರೆಂದು ಹೇಳಿದ. ಅವ್ವ ಎದ್ದು ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ನಮ್ಮಲ್ಲಿ ಸ್ವಂತ ಬಂಧುಗಳು ಹೋದ ಸುದ್ದಿ ಬಂದಾಗ ಮಾತ್ರ ಹಾಗೆ ಮಾಡುತ್ತಾರೆ. ಅವಳು ಹೊರಗೆ ಬರುವವರೆಗೆ ಅಪ್ಪ ಕಾಗದ ಹಿಡಿದು ನಿಂತಿದ್ದು, ಆಮೇಲೆ ತಾನೂ ಬಚ್ಚಲಿಗೆ ಹೋದ.