ಗೋಡೆ ಪಕ್ಕದ ಜಾಗ

ಗುಬ್ಬಿಯಿಂದ ಬರುತ್ತಿದ್ದ ಅಕ್ಕ ಒಬ್ಬರು ಸತ್ಯಮಂಗಲ ಇಂಡಸ್ಟ್ರಿಯಲ್ ಏರಿಯಾದ ನಮ್ಮ ತೆಂಗಿನಪುಡಿ ಫ್ಯಾಕ್ಟರಿಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುತ್ತಿದ್ದರು. ಯಾರು ಮಾತಿಗೆ ಬಂದರೂ ಚಾಕು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಹೇಳು, ಕೇಳ್ತಿದೀನಿ" ಅನ್ನೋರು.

ಬೆಳಿಗ್ಗೆ ನಾವು ಹೆಂಗಸರೆಲ್ಲ ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗಕ್ಕೆ ಓಡುತ್ತಿದ್ದೆವು. ಇಲ್ಲದಿದ್ದರೆ ಸೂಪರ್‌ವೈಸರ್ ಹಿಂದಿನಿಂದ ಬಂದು, ಟೋಪಿಯಿಂದ ಕೂದಲು ಆಚೆ ಬಂದಿದೆ ಅಂತ ತಾನೇ ಒಳಗೆ ಸೇರಿಸುತ್ತಿದ್ದ. ಸೇರಿಸಿದ ಮೇಲೂ ಬೆರಳು ಕತ್ತಿನ ಮೇಲೇ ಇರುತ್ತಿತ್ತು. ಕ್ಲೀನಿಂಗ್ ರೂಲ್ಸ್ ಅಂತೆ!

ಒಂದು ದಿನ ಅಕ್ಕನ ಹತ್ತಿರ ಹೋಗಿ ಕೇಳಿದೆ, "ಅದು ಚೆಕಿಂಗ್ ತಾನೇ ಅಕ್ಕ?"

ಚಾಕು ಕೆಳಗಿಟ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ಗಂಡಸ್ರ ಟೋಪಿ ಯಾವತ್ತಾದ್ರೂ ಮುಟ್ಟವ್ನಾ? ಅದು ಚೆಕಿಂಗ್ ಅಲ್ಲ ಕಣೇ. ನಡಿ, ಕಮಿಟಿಗೆ ಹೇಳಾಣ."

ದೂರು ಕಮಿಟಿಯ ಮುಂದೆ ನಾನು ಅಕ್ಕನ ಕಡೆ ತಿರುಗಿ, "ನೀವೇ ಹೇಳಿ ಅಕ್ಕ" ಅಂದೆ. ಅಕ್ಕ ನನ್ನ ಬದಲು ಮಾತಾಡಲಿಲ್ಲ. ಪಕ್ಕದಲ್ಲಿ ಕೂತು, ಒಣಗಿದ ಕೈಯನ್ನೇ ಸೆರಗಿಗೆ ಒರೆಸಿಕೊಂಡು, "ಹೇಳು, ಕೇಳ್ತಿದೀನಿ" ಅಂದರು. ಹೇಳಿದೆ. ಆಮೇಲೆ ಉಳಿದ ಹೆಂಗಸರೂ ಬಂದು ಹೇಳಿದರು.

ಏಳುವಾಗ ಅಕ್ಕ ಕಮಿಟಿ ಮೇಡಂಗೆ ಅಂದರು, "ಬಾಗ್ಲಲ್ಲಿ ಒಂದು ಕನ್ನಡಿ ಹಾಕ್ಸಿ ಮೇಡಂ. ನಮ್ಮ ಕೂದ್ಲು ನಾವೇ ನೋಡ್ಕೋತೀವಿ."

ವಿಚಾರಣೆ ಮುಗಿದು ಅವನನ್ನು ಕೆಲಸದಿಂದ ತೆಗೆದರು. ಕನ್ನಡಿಯೂ ಬಂತು. ಆ ಬೆಳಿಗ್ಗೆ ಅದರಲ್ಲಿ ನೋಡಿ ಟೋಪಿ ಸರಿ ಮಾಡಿಕೊಂಡು ಒಳಗೆ ಹೋದರೆ ಗೋಡೆ ಪಕ್ಕದ ಜಾಗ ಖಾಲಿ ಇತ್ತು. ನಾನು ನಡುವೆ, ಅಕ್ಕನ ಪಕ್ಕ ಕೂತೆ.

ಬೆನ್ನ ಹಿಂದೆ ಯಾರೋ ನಡೆದು ಹೋದರು. ಯಾರು ಅಂತ ನಾನು ತಿರುಗಿ ನೋಡಲಿಲ್ಲ.